ಕ್ಯಾಂಪಸ್ಸಿನಲ್ಲಿ ‘ಯಾರ ಪೈಕಿ?’ ಎಂಬ ಪ್ರಶ್ನೆ

(ಧಾರವಾಡದ ಪ್ರಸಾದ ನಿಲಯವೊಂದರಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮನ್ನು ಇಲ್ಲಿ ಬಿಟ್ಟು ಬಸ್ಸು ಹತ್ತುವಾಗ ತಂದೆತಾಯಿಗಳು ಏನು ಹೇಳಿರುತ್ತಾರೆಂದು ನನಗೆ ಗೊತ್ತು. “ಓದು ಒಂದು ನೋಡ್ಕೊ, ಉಳಿದ ಉಸಾಬರಿ ಬ್ಯಾಡ.” ಸಾಲ ಮಾಡಿ ಫೀ ಕಟ್ಟಿದವರು ಹಾಗೆ ಹೇಳಿದರೆ ತಪ್ಪಿಲ್ಲ. ಆದರೆ ಅವರು ಉಸಾಬರಿ ಅನ್ನುವುದರಲ್ಲಿ ಅರ್ಧ ವಿದ್ಯೆಯೇ ಇದೆ. ಆ ಅರ್ಧದ ಬಗ್ಗೆ ನಾಲ್ಕು ಮಾತಾಡಲು ಬಂದಿದ್ದೇನೆ.

ನಮ್ಮ ಹಿರಿಯರು ವಿದ್ಯೆಗಾಗಿ ಪಟ್ಟ ಪಾಡು ಸಣ್ಣದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಇದೇ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಅನ್ನ, ಆಸರೆ ಕೊಟ್ಟು ಓದಿಸಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಪ್ರಸಾದ ನೀಡಿದರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಇಲ್ಲಿಗೆ ಬಂತು. ನಾವು ಹತ್ತುವ ಆ ಗುಡ್ಡಕ್ಕೆ ಪಾವಟೆ ನಗರ ಎಂಬ ಹೆಸರು ಬಂದದ್ದು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರಿಂದ. ಹಳ್ಳಿಯ ಹುಡುಗ ಮಠದ ಊಟ ಮಾಡಿ ಆ ಗುಡ್ಡ ಹತ್ತಲಿ ಎಂಬುದು ಆ ಕಾಲದವರ ಆಸೆ. ಆ ಆಸೆ ಈಡೇರಿದೆ. ಗುಡ್ಡ ಹತ್ತಿದ ಮೇಲೆ ಹುಡುಗ ಏನು ಮಾಡುತ್ತಾನೆ ಎಂಬುದೇ ಈಗಿನ ಪ್ರಶ್ನೆ.

ಏನು ಮಾಡುತ್ತಾನೆಂದು ನಾನೇ ಹೇಳುತ್ತೇನೆ. ಮೊದಲ ವಾರ ಪಕ್ಕದ ಬೆಂಚಿನವನನ್ನು “ಯಾವ ಊರು?” ಎಂದು ಕೇಳುತ್ತಾನೆ. ಅದು ಸರಿ. ಎರಡನೆಯ ಪ್ರಶ್ನೆ, “ಯಾರ ಪೈಕಿ?” ಉತ್ತರ ಸಿಕ್ಕಿತೆಂದರೆ ಅವನ ಗೆಳೆತನದ ಗಡಿ ಗೆರೆ ಬಿದ್ದಂತೆ. ಒಟ್ಟಿಗೆ ಚಹಾ ಕುಡಿಯುವವರು ಅವರೇ, ನೋಟ್ಸು ಹಂಚಿಕೊಳ್ಳುವವರು ಅವರೇ, ಊರಿಗೆ ಹೋಗುವಾಗ ಜೊತೆಯಾಗುವವರೂ ಅವರೇ. ಲಿಂಗಾಯತನಾದರೆ ಸಾಕೇ? ಸಾಲದು. ಪಂಚಮಸಾಲಿಯೋ, ಬಣಜಿಗನೋ, ಗಾಣಿಗನೋ, ಜಂಗಮನೋ ಎಂಬ ಮೂರನೆಯ ಪ್ರಶ್ನೆಯೂ ಇದೆ. ಕೊರಳಲ್ಲಿ ಇಷ್ಟಲಿಂಗ, ಬಾಯಲ್ಲಿ ಒಳಪಂಗಡ! ಎರಡು ವರ್ಷದ ಎಂ.ಎ. ಮುಗಿಸಿ ಹೋಗುವಾಗ ಅವನಿಗೆ ಗೊತ್ತಿರುವುದು ಊರಲ್ಲಿ ಗೊತ್ತಿದ್ದ ಮಂದಿಯಂಥವರೇ.

ಕಲ್ಯಾಣದಲ್ಲಿ ನಡೆದದ್ದೇನು? ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಇವರೆಲ್ಲ ಒಬ್ಬರನ್ನೊಬ್ಬರು ಪ್ರಶ್ನಿಸಿದರು, ವಾದಿಸಿದರು. ಒಪ್ಪದಿದ್ದಾಗ ಒಪ್ಪಲಿಲ್ಲ. ತಮ್ಮಂಥವರ ಜೊತೆಗಷ್ಟೇ ಮಾತಾಡಿದ್ದರೆ ಅದನ್ನು ಅನುಭವ ಮಂಟಪ ಅನ್ನುತ್ತಿರಲಿಲ್ಲ, ಬೀಗರ ಕೂಟ ಅನ್ನುತ್ತಿದ್ದರು. ಇಷ್ಟು ಬಗೆಯ ಜನರ ಜೊತೆ ಸರಿಸಮನಾಗಿ ಕೂರುವ ಅವಕಾಶ ನಿಮ್ಮ ಜೀವನದಲ್ಲಿ ಕ್ಯಾಂಪಸ್ಸಿನಲ್ಲಿ ಸಿಕ್ಕಂತೆ ಬೇರೆಲ್ಲೂ ಸಿಗುವುದು ಕಷ್ಟ. ಮುಂದೆ ನೌಕರಿಯಲ್ಲಿ ಮೇಲಿನವರು, ಕೆಳಗಿನವರು ಇರುತ್ತಾರೆ. ಮದುವೆಯಲ್ಲಿ ಏನಿರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಎಲ್ಲಿಂದ ಶುರು ಮಾಡುವುದು? ರಾಷ್ಟ್ರೀಯ ಸೇವಾ ಯೋಜನೆಯಿಂದ ಅನ್ನುತ್ತೇನೆ. ಎನ್.ಎಸ್.ಎಸ್. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಸರ್ಟಿಫಿಕೇಟಿಗಾಗಿ ಸೇರುವವರು ಬಹಳ. ಸೇರಲಿ, ಅಡ್ಡಿಯಿಲ್ಲ. ಆ ಏಳು ದಿನ ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಬೇಕು, ಪಾಳಿಯ ಮೇಲೆ ರೊಟ್ಟಿ ಬಡಿಯಬೇಕು, ಗಟಾರ ತೆಗೆಯಬೇಕು. ಯಾರು ಬಡಿದ ರೊಟ್ಟಿ ಎಂದು ಕೇಳುತ್ತಾ ಕೂತರೆ ಉಪವಾಸವೇ ಗತಿ. ಕಾಯಕದ ಮೇಲೆ ಹತ್ತು ಉಪನ್ಯಾಸ ಕೇಳುವುದಕ್ಕಿಂತ ಗಟಾರದಲ್ಲಿ ಒಂದು ತಾಸು ಸಲಿಕೆ ಹಿಡಿಯುವುದು ಮೇಲು. ಉಪನ್ಯಾಸ ಕೊಡುವವನಾಗಿಯೇ ಹೇಳುತ್ತಿದ್ದೇನೆ.

ಸ್ವಭಾವದಿಂದ ಗಟಾರ ಒಗ್ಗದವರು ಚರ್ಚಾಕೂಟಕ್ಕೆ ಹೋಗಿ, ಯುವಜನೋತ್ಸವದಲ್ಲಿ ನಾಟಕ ಮಾಡಿ. ಹಾಸ್ಟೆಲಿನ ಮೆಸ್ ಸಮಿತಿಗೆ ಸೇರಿ. ಅಕ್ಕಿ, ಬೇಳೆ, ಗ್ಯಾಸಿನ ಲೆಕ್ಕ ಒಂದು ತಿಂಗಳು ಬರೆದವರಿಗೆ ದಾಸೋಹ ಎಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿ ಸಂಘದ ಚುನಾವಣೆ ನಮ್ಮ ರಾಜ್ಯದಲ್ಲಿ ನಿಂತು ಮೂರು ದಶಕ ಮೀರಿತು. ಜಗಳ, ಹೊಡೆದಾಟ, ಹಣದ ಕಾರಣ ಹೇಳಿ ನಿಲ್ಲಿಸಿದರು. ಇದು ನನಗೆ ಒಪ್ಪಿಗೆಯಿಲ್ಲ. ಹದಿನೆಂಟಕ್ಕೆ ವಿಧಾನಸಭೆಗೆ ಮತ ಹಾಕುವವನಿಗೆ ತರಗತಿಯ ಪ್ರತಿನಿಧಿಯನ್ನು ಆರಿಸಲು ಬುದ್ಧಿ ಇಲ್ಲವೇ? ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಂತರಿಕ ಗುಣಮಟ್ಟ ಕೋಶದಲ್ಲಿ ವಿದ್ಯಾರ್ಥಿಗೆ ಜಾಗವಿದೆ. ಯುಜಿಸಿಯ 2015ರ ನಿಯಮದಂತೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲೂ, ವಿದ್ಯಾರ್ಥಿಗಳ ವಿಷಯವಾದರೆ, ಚುನಾಯಿತ ವಿದ್ಯಾರ್ಥಿಗಳು ಇರಬೇಕು. ನಿಮ್ಮ ವಿಭಾಗದಲ್ಲಿ ಆ ಹೆಸರುಗಳು ಯಾವುವು ಎಂದು ಕೇಳಿ. ಕೇಳುವುದೇ ಮೊದಲ ಕೆಲಸ.

ಈಗ ಹಿರಿಯರಿಗೆ ಒಂದು ಮಾತು. ಅಪ್ಪಗಳು ಮನ್ನಿಸಬೇಕು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದು ಬಂದಳು. ಆಕೆಯ ಚಿತ್ರವನ್ನು ಹೆಣ್ಣುಮಕ್ಕಳ ನಿಲಯದ ಬಾಗಿಲಲ್ಲಿ ಹಾಕಿ, ಅದೇ ಬಾಗಿಲಿಗೆ ಕತ್ತಲಾಗುವ ಮೊದಲೇ ಬೀಗ ಹಾಕುತ್ತೇವೆ. ಗ್ರಂಥಾಲಯ ರಾತ್ರಿಯವರೆಗೆ ತೆರೆದಿರುತ್ತದೆ, ನಾಟಕದ ತಾಲೀಮು ಸಂಜೆ ಶುರುವಾಗುತ್ತದೆ. ಹುಡುಗರು ಹೋಗುತ್ತಾರೆ. ತಂಗಿಯರು ಕಿಟಕಿಯಲ್ಲಿ ನಿಂತು ನೋಡುತ್ತಾರೆ. ಕಾಳಜಿ ಬೇಕು ನಿಜ. ಹಾಗಾದರೆ ರಸ್ತೆಗೆ ದೀಪ ಹಾಕಿಸೋಣ, ತಡವಾಗಿ ಬರುವವರಿಗೆ ನಿಲಯದ ಗಾಡಿ ಕಳಿಸೋಣ. ಬೀಗ ಎಲ್ಲಕ್ಕಿಂತ ಅಗ್ಗದ ಉಪಾಯ, ಅದಕ್ಕೇ ಎಲ್ಲರಿಗೂ ಇಷ್ಟ.

ಕೊನೆಗೆ ಬಸವ ಜಯಂತಿ. ಪ್ರತಿ ವರ್ಷ ಕ್ಯಾಂಪಸ್ಸಿನಲ್ಲಿ ಮಾಡುತ್ತೀರಿ, ಬೈಕು, ಬಾವುಟ, ಡಿಜೆ ಎಲ್ಲ ಇರುತ್ತದೆ. ಚಂದಾ ಕೊಡುವವರು ನಮ್ಮವರು, ವೇದಿಕೆಯ ಮೇಲೆ ನಮ್ಮವರು, ಕುರ್ಚಿಯಲ್ಲಿ ನಮ್ಮವರು. ಉಳಿದ ವಿದ್ಯಾರ್ಥಿಗಳಿಗೆ ಅದು ‘ಅವರ ಹಬ್ಬ’. ಬಸವಣ್ಣನನ್ನು ಒಂದು ಜಾತಿಯ ದೇವರು ಮಾಡಲು ಬೇರೆ ಶತ್ರು ಬೇಕಿಲ್ಲ, ಈ ಮೆರವಣಿಗೆ ಸಾಕು. ಈ ಸಲ ಸಮಿತಿ ಮಾಡುವಾಗ ಅರ್ಧದಷ್ಟು ಜನ ಬೇರೆ ಸಮುದಾಯದವರಿರಲಿ. ಡಿಜೆಯ ದುಡ್ಡಿನಲ್ಲಿ ಒಂದು ದಿನದ ಮುಕ್ತ ಚರ್ಚೆ ಇಡಿ. ಲಿಂಗಾಯತರನ್ನು ಟೀಕಿಸುವವರನ್ನೂ ಕರೆಯಿರಿ, ಕೂತು ಕೇಳಿ, ಉತ್ತರ ಕೊಡಿ. ಕರೆದರೆ ನಾನೂ ಬರುತ್ತೇನೆ. ಹಾರ, ಶಾಲು ಬೇಡ.

ಎನ್.ಎಸ್.ಎಸ್. ಅರ್ಜಿ ಫಾರ್ಮುಗಳನ್ನು ತಂದು ಬಾಗಿಲ ಬಳಿ ಇಟ್ಟಿದ್ದೇನೆ. ಪ್ರಸಾದಕ್ಕೆ ಇನ್ನೂ ಅರ್ಧ ತಾಸು ಇದೆ, ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಕೂತಿರುವ ತಂಗಿಯರಿಂದಲೇ ಶುರುವಾಗಲಿ.