ಪೊಟ್ಟಣ ಎರಡಾದ ಮೇಲೆ

2013ರಲ್ಲಿ ಕರ್ನಾಟಕ ಸರ್ಕಾರ ತಂಬಾಕು ಬೆರೆತ ಪಾನ್ ಮಸಾಲಾವಾದ ಗುಟ್ಕಾವನ್ನು ನಿಷೇಧಿಸಿತು. ಆಗ ತಯಾರಕರು ಪಾನ್ ಮಸಾಲಾವನ್ನು ಒಂದು ಪೊಟ್ಟಣಕ್ಕೆ, ತಂಬಾಕನ್ನು ಇನ್ನೊಂದಕ್ಕೆ ತುಂಬಿದರು. ಕೊಂಡವರು ಅಂಗೈಯಲ್ಲೇ ಬೆರೆಸಿಕೊಂಡರು. ಹಾಗೆಂದು ನಿಷೇಧವೇ ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ. ‘ನನ್ನ ದೇಹ, ನನ್ನಿಷ್ಟ’ ಎಂಬ ಮಾತಿಗೆ ತೂಕವಿದೆ, ನಿಜ. ಆದರೆ ಮೀಸೆ ಮೂಡುವ ಮೊದಲೇ ಗೆಳೆಯರ ಒತ್ತಾಯಕ್ಕೆ ಬಾಯಿಗೆ ಹಾಕಿಕೊಂಡ ಹುಡುಗನನ್ನು ನಿಕೋಟಿನ್ ಹಿಡಿದ ಮೇಲೆ, ಇಷ್ಟ ಯಾರದು? ಗುಟ್ಕಾ ಅಗಿದು ಅಗಿದು ಬಾಯಿ ಪೂರ್ತಿ ತೆರೆಯಲಾಗದೆ, ಖಾರದ ಸಾರು ನಾಲಿಗೆಗೆ ತಾಗಿದರೆ ಉರಿಯೆಂದು ನರಳುವವರ ಮನೆಯವರನ್ನು ಕೇಳಿ ನೋಡಿ. ಕಾನೂನಿನ ಬಿಗಿ ಮಾರುವವರ ಮೇಲಿರಲಿ. ಚಟಕ್ಕೆ ಸಿಕ್ಕವರಿಗೆ ಚಿಕಿತ್ಸೆ ಸಿಗಲಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. ನಿಮ್ಮ ಮನೆಯಲ್ಲಿ ಈ ನೆರವು ಬೇಕಾದವರಿದ್ದರೆ ಬೈಯಬೇಡಿ, ಈ ಸಂಖ್ಯೆಯನ್ನು ಇವತ್ತೇ ಬರೆದುಕೊಡಿ.