ಮೊದಲು ರೊಟ್ಟಿ, ಆಮೇಲೆ ಮಾತು

ಬೈಬಲಿನ ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವನ್ನೇ ಬೇಡುತ್ತಾನೆ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿಬಂದವನು, ಬೇರ್ಷೆಬದಾಚೆಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಸಿದು ನಿದ್ದೆಹೋಗುತ್ತಾನೆ.

ದೇವರು ಬೈಯುವುದಿಲ್ಲ. ನಾವಾಗಿದ್ದರೆ ಗಂಟೆಗಟ್ಟಲೆ ಬುದ್ಧಿ ಹೇಳುತ್ತಿದ್ದೆವು! ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದವನು ಮತ್ತೆ ಮಲಗುತ್ತಾನೆ, ಅದಕ್ಕೂ ಆಕ್ಷೇಪವಿಲ್ಲ. ಎರಡನೇ ಸಲ ಎಬ್ಬಿಸಿದಾಗಲಷ್ಟೇ ದಾರಿ ದೂರವಿದೆಯೆಂಬ ಸುದ್ದಿ.

ದಣಿದವನನ್ನು ನಂಬಿಕೆ ಸಾಲದವನೆಂದು ಜರೆಯುವವರು ಚರ್ಚುಗಳಲ್ಲೂ ಇದ್ದಾರೆ. ಅವರು ಈ ಅಧ್ಯಾಯ ಓದಬೇಕು. ಹೊರೆಹೊತ್ತವರನ್ನು ಯೇಸು ಕರೆದದ್ದೂ ವಿಶ್ರಾಂತಿಗೇ. ಎಲೀಯನಿಗೆ ದೇವರ ಮೆಲುದನಿ ಕೇಳಿಸಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿಯವರೆಗೆ ಆತ 40 ಹಗಲು, 40 ರಾತ್ರಿ ನಡೆದದ್ದು ಆ ಊಟದ ಬಲದಲ್ಲಿ.