ಸೀಸವೂ ತವರವೂ



ಮೆತ್ತನೆಯ ಲೋಹಗಳೆಂದು ಹೆಸರಾದ ಸೀಸ ತವರಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ. ಇವುಗಳ ಕೂಟದಿಂದ ಉಪಕಾರವೂ ಉಂಟು, ಅಪಾಯವೂ ಉಂಟು.

ಸೀಸವು ಕರಗಲು ಸೆಂಟಿಗ್ರೇಡಿನ 327 ಡಿಗ್ರಿ ಶಾಖ ಬೇಕು. ತವರಕ್ಕೆ 232 ಡಿಗ್ರಿ ಸಾಕು. ಎರಡನ್ನೂ ಬೆರಸಿದರೆ ಮಿಶ್ರಣವು ಈ ಎರಡು ಅಂಕಗಳ ನಡುವೆ ಎಲ್ಲಿಯೋ ಕರಗೀತೆಂದು ಊಹಿಸುವುದು ಸಹಜ. ವಸ್ತುಸ್ಥಿತಿಯು ಹಾಗಿಲ್ಲ. ನೂರು ತೂಕದಲ್ಲಿ ತವರ 62, ಸೀಸ 38 ಇದ್ದರೆ ಮಿಶ್ರಲೋಹವು 183 ಡಿಗ್ರಿಯಲ್ಲಿಯೇ ನೀರಾಗುತ್ತದೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಹೆಚ್ಚು ತಂಪು ಬೇಕಾಗುವಂತೆ, ಇಲ್ಲಿಯೂ ಒಂದು ಲೋಹವು ಇನ್ನೊಂದರ ಹೆಪ್ಪುಗಟ್ಟುವಿಕೆಗೆ ಅಡ್ಡಬರುತ್ತದೆ.

ಈ ಗುಣದಿಂದಲೇ ಬೆಸುಗೆಯ ಕೆಲಸವು ಸುಲಭವಾಯಿತು. ಬಂದೂಕಿನ ಗುಂಡುಗಳನ್ನು ಮನೆಯಲ್ಲಿಯೇ ಎರಕಹೊಯ್ಯುತ್ತಿದ್ದ ಬೇಟೆಗಾರರು ಸೀಸದ 20 ಭಾಗಕ್ಕೆ ತವರದ ಒಂದು ಭಾಗವನ್ನು ಕೂಡಿಸುವುದುಂಟು. ಅದರಿಂದ ಗುಂಡು ಗಟ್ಟಿಯಾಗುವುದಲ್ಲದೆ, ಕರಗಿದ ಲೋಹವು ಅಚ್ಚಿನ ಮೂಲೆಮೂಲೆಗೂ ಹರಿಯುವುದು. ಮುದ್ರಣಾಲಯದ ಮೊಳೆಗಳೂ ಇವೆರಡಕ್ಕೆ ಆಂಟಿಮನಿಯನ್ನು ಸೇರಿಸಿ ಎರೆದವು.

ಉಪಕಾರದ ಮಾತಾಯಿತು. ತವರವು ಊಟಕ್ಕೆ ನಿರಪಾಯವಾದುದು, ಸೀಸವು ವಿಷ. ಹುಳಿಯ ಸಂಗದಿಂದ ಸೀಸವು ಆಹಾರಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಸೇಬಿನ ಮದ್ಯವನ್ನು ಕುಡಿದವರನ್ನು ಕ್ರೂರವಾದ ಹೊಟ್ಟೆಶೂಲೆಯು ಕಾಡುತ್ತಿತ್ತು. ಹಣ್ಣನ್ನು ಹಿಂಡುವ ಯಂತ್ರಗಳಲ್ಲಿದ್ದ ಸೀಸವೇ ಅದಕ್ಕೆ ಕಾರಣವೆಂದು ಜಾರ್ಜ್ ಬೇಕರ್ ಎಂಬ ವೈದ್ಯನು 1767ರಲ್ಲಿ ತೋರಿಸಿದನು.

ನಮ್ಮ ಅಡಿಗೆಮನೆಗೂ ಈ ಪಾಠವು ಸಲ್ಲುತ್ತದೆ. ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಹಾಕಿ, ಅರಳೆಯಿಂದ ತವರವನ್ನು ಸವರುತ್ತಾನೆ. ತವರದ ಬೆಲೆ ಹೆಚ್ಚು, ಸೀಸದ ಬೆಲೆ ಕಡಮೆ. ಆದುದರಿಂದ ಬೆರಕೆಯ ಆಸೆ ಹುಟ್ಟುವುದು ಆಶ್ಚರ್ಯವಲ್ಲ. ಬೆರಕೆಯ ಕಲಾಯಿಯೂ ಬೆಳ್ಳಗೇ ಹೊಳೆಯುತ್ತದೆ. ಕಣ್ಣಿಗೆ ಭೇದವು ತೋರದು. ಅದರಲ್ಲಿ ಹುಣಿಸೆಯ ಸಾರು ಕುದಿದರೆ ವಿಷವು ಎಲೆಗೆ ಬಂದಂತೆಯೇ ಸರಿ. ರಕ್ತವು ಕುಂದುವುದು, ಮಕ್ಕಳ ಬುದ್ಧಿಯ ಬೆಳವಣಿಗೆಯು ಕುಂಠಿತವಾಗುವುದು. ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಶುದ್ಧವಾದ ತವರದ ಕಡ್ಡಿಯನ್ನು ಕಿವಿಯ ಬಳಿ ಬಾಗಿಸಿದರೆ ಚರಚರನೆ ಸದ್ದಾಗುತ್ತದೆ. ಸೀಸವು ಸೇರಿದಷ್ಟೂ ಆ ಧ್ವನಿಯು ಉಡುಗುತ್ತದೆ. ಒಂದೇ ಗಾತ್ರದಲ್ಲಿ ಸೀಸವು ತವರದ ಒಂದೂವರೆಯಷ್ಟು ತೂಗುವುದರಿಂದ ತಕ್ಕಡಿಯೂ ಸಾಕ್ಷಿ ಹೇಳೀತು. ಇವು ಸ್ಥೂಲವಾದ ಪರೀಕ್ಷೆಗಳು. ಸ್ವಲ್ಪ ಬೆರಕೆಯನ್ನು ಪ್ರಯೋಗಶಾಲೆಯೇ ಹಿಡಿಯಬೇಕು. ಸೀಸವನ್ನು ಕರಗಿಸಿದ ಪಾತ್ರೆಯನ್ನಂತೂ ಅಡಿಗೆಗೆ ಎಂದಿಗೂ ತರಬಾರದು. ಅದನ್ನು ಕರಗಿಸುವ ಸ್ಥಳಕ್ಕೆ ಮಕ್ಕಳನ್ನು ಬಿಡಬಾರದು.

ಅಚ್ಚಿಗೂ ಬೆಸುಗೆಗೂ ಒದಗುವ ಸ್ನೇಹವು ಅನ್ನದ ಪಾತ್ರೆಗೆ ಒದಗದು. ಈ ವಿವೇಕವೊಂದು ನಮ್ಮಲ್ಲಿ ನೆಲಸಿದರೆ ನಮ್ಮ ಮಾತು ಸಾರ್ಥಕವಾಯಿತು.